ಪಾಸ್ಟರ್ ಕುಟುಂಬಕ್ಕೆ ಹೊರಗಿನ ಕೌನ್ಸೆಲರ್ ಯಾಕೆ ಬೇಕು? ಪ್ರಾರ್ಥನೆ, ಬಿಷಪ್ಪರ ಮಾತು ಸಾಲದಾ?

ಸಾಲದು. ಪ್ರಾರ್ಥನೆ ಬೇಡ ಅಂತಲ್ಲ, ಆದರೆ ಸಭೆಯ, ಅಂದರೆ ಚರ್ಚಿನ ಬಳಗದ, ಒಳಗೆ ಪಾಸ್ಟರ್ ಕುಟುಂಬದವರು ಪೂರ್ತಿ ಮನಸ್ಸು ಬಿಚ್ಚಿ ಮಾತಾಡೋಕೆ ಯಾರೂ ಇರಲ್ಲ.

ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳನ್ನೇ ನೋಡಿ. ಪಾಸ್ಟರ್‌ಗೆ ಕೆಲಸ ಕೊಟ್ಟಿರೋದು ಚರ್ಚು, ಇರೋ ಮನೆ ಸಾಮಾನ್ಯವಾಗಿ ಚರ್ಚಿನದ್ದು, ಸ್ನೇಹಿತರು, ಮಕ್ಕಳ ಜೊತೆಗಾರರು ಹೆಚ್ಚಿನವರು ಅದೇ ಸಭೆಯವರು. ವರ್ಗಾವಣೆಯಾದರೆ ಇದೆಲ್ಲ ಒಟ್ಟಿಗೆ ಹೋಗುತ್ತದೆ. ಬಿಷಪ್ಪರು ಎಷ್ಟೇ ಒಳ್ಳೆಯವರಾಗಿರಲಿ, ವರ್ಗಾವಣೆಯಲ್ಲಿ ಅವರ ಮಾತೇ ದೊಡ್ಡದು, ಹಾಗಿರುವಾಗ "ನನಗೆ ನಿದ್ದೆ ಬರ್ತಿಲ್ಲ, ಮನೆಯಲ್ಲಿ ದಿನಾ ಜಗಳ" ಅಂತ ಅವರ ಮುಂದೆ ಹೇಳೋದು ಸುಲಭ ಅಲ್ಲ, ಅಲ್ವಾ? ಹೊರಗಿನ ಕೌನ್ಸೆಲರ್‌ಗೆ ಈ ಯಾವ ಅಧಿಕಾರವೂ ಇಲ್ಲ. ಅದೇ ಅವರಿಂದ ಆಗುವ ದೊಡ್ಡ ಉಪಕಾರ.

ನನಗೆ ಜಾಸ್ತಿ ಚಿಂತೆ ಪಾಸ್ಟರಮ್ಮನವರದ್ದು. ಸಂಬಳ ಇಲ್ಲದೆ ಸ್ತ್ರೀಯರ ಕೂಟ, ಸಂಡೇ ಸ್ಕೂಲು, ಮನೆಗೆ ಬಂದವರ ಊಟ ಎಲ್ಲ ನೋಡ್ಕೋಬೇಕು, ಅವರ ಕಷ್ಟ ಕೇಳೋಕೆ ಮಾತ್ರ ಅವರಿಗೆ ಬೇರೆ ಪಾಸ್ಟರ್ ಇಲ್ಲ. ಗಂಡನೇ ಪಾಸ್ಟರ್.

ಗುಟ್ಟು ಹೊರಬೀಳುತ್ತೆ ಅನ್ನೋ ಭಯ ಇದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಿಕಿತ್ಸೆಯ ವಿಷಯ ಗೋಪ್ಯವಾಗಿರಿಸಿಕೊಳ್ಳುವ ಹಕ್ಕು ಇದೆ. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಬಿಟ್ಟರೆ ಚಿಕಿತ್ಸೆ ಕೊಡುವವರು ಅದನ್ನು ಬೇರೆಯವರಿಗೆ ಹೇಳುವಂತಿಲ್ಲ. ಮೊದಲ ಹೆಜ್ಜೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಕೂಡ ಫೋನ್ ಎತ್ತುತ್ತಾರೆ.