ಶಂಟ್ ಕೊಳವೆ ಜಾಗ ಬಿಟ್ಟು ಸರಿದಾಗ

ಪ್ರಶ್ನೆ: ಹೈಡ್ರೋಸೆಫಾಲಸ್ (ಮಿದುಳಿನೊಳಗೆ ದ್ರವ ಅತಿಯಾಗಿ ತುಂಬಿಕೊಳ್ಳುವ ತೊಂದರೆ) ಇರುವ ನಮ್ಮ ಎಂಟು ತಿಂಗಳ ಮಗನಿಗೆ, ಆ ದ್ರವವನ್ನು ಮಿದುಳಿನಿಂದ ಹೊಟ್ಟೆಗೆ ಹರಿಸುವ ಶಂಟ್ ಕೊಳವೆ ಅಳವಡಿಸಿದ್ದಾರೆ. ಈ ಕೊಳವೆ ಗುದದ್ವಾರದಿಂದ ಹೊರಬರುವುದೂ ಉಂಟೆಂದು ಕೇಳಿ ಗಾಬರಿಯಾಗಿದೆ. ಇದು ನಿಜವೇ? ಹಾಗಾದರೆ ಏನು ಮಾಡಬೇಕು?

ಉತ್ತರ: ನಿಜ, ಆದರೆ ಅಪರೂಪ. ಮಗು ಬೆಳೆದಂತೆ ಕೊಳವೆ ಗಿಡ್ಡವಾಗಬಾರದೆಂದು ಅದರ ಹೆಚ್ಚುವರಿ ಉದ್ದವನ್ನು ಹೊಟ್ಟೆಯೊಳಗೆ ಸಡಿಲವಾಗಿ ಬಿಟ್ಟಿರುತ್ತಾರೆ. ಎಲ್ಲೋ ಒಂದೆಡೆ ನಾರಿನಂಥ ಅಂಗಾಂಶ ಬೆಳೆದು ಅದನ್ನು ಹಿಡಿದಿಟ್ಟರೆ, ತುದಿಯು ಕರುಳಿನ ಗೋಡೆಯ ಒಂದೇ ಜಾಗವನ್ನು ಒತ್ತುತ್ತಾ, ನಿಧಾನವಾಗಿ ಸವೆಸಿ ಒಳಹೊಕ್ಕು, ಕರುಳಿನ ಚಲನೆಯೊಂದಿಗೆ ಕೆಳಗಿಳಿದು ಮಲವಿಸರ್ಜನೆಯ ವೇಳೆ ಕಾಣಿಸಿಕೊಳ್ಳಬಹುದು.

ಅದೇ ನಾರು ಅನೇಕ ವೇಳೆ ತೂತಿನ ಸುತ್ತಲೂ ಬಿಗಿಯಾಗಿ ಆವರಿಸಿರುವುದರಿಂದ ಮಲ ಹೊಟ್ಟೆಯೊಳಗೆ ಸೋರುವುದಿಲ್ಲ. ಮಗುವಿಗೆ ಜ್ವರವಾಗಲಿ ನೋವಾಗಲಿ ಇಲ್ಲದಿರಬಹುದು. ನನಗೆ ಹೆಚ್ಚು ಆತಂಕ ತರುವುದು ಈ ನೆಮ್ಮದಿಯೇ. ಇ. ಕೋಲೈನಂಥ ಕರುಳಿನ ಬ್ಯಾಕ್ಟೀರಿಯಾಗಳು ಕೊಳವೆಯ ಮೂಲಕ ಮೇಲೇರಿ ಮೆನಿಂಜೈಟಿಸ್ (ಮಿದುಳಿನ ಹೊದಿಕೆಯ ಸೋಂಕು) ಉಂಟುಮಾಡಬಲ್ಲವು. ಬೆಳ್ಳಗಿನ ತೆಳು ಕೊಳವೆಯನ್ನು ಹುಳುವೆಂದು ಭಾವಿಸುವುದೂ ಸಾಧ್ಯ. ದಯವಿಟ್ಟು ಎಳೆಯಬೇಡಿ, ಒಳಗೆ ತಳ್ಳಬೇಡಿ, ಕತ್ತರಿಸಬೇಡಿ. ಸ್ವಚ್ಛ ಬಟ್ಟೆ ಮುಚ್ಚಿ ಕೂಡಲೇ ನರಶಸ್ತ್ರತಜ್ಞರ ಬಳಿಗೆ ಕರೆದೊಯ್ಯಿರಿ. ಅವರು ಸಾಮಾನ್ಯವಾಗಿ ಕೊಳವೆಯನ್ನು ಮೇಲ್ಭಾಗದಲ್ಲೇ ಬೇರ್ಪಡಿಸಿ, ಸೋಂಕು ತಗುಲಿದ ಭಾಗವು ಮೇಲಕ್ಕೆ ಎಳೆದುಬಾರದಂತೆ ಅದನ್ನು ಗುದದ ಮೂಲಕವೇ ಹೊರತೆಗೆಯುತ್ತಾರೆ. ಮಿದುಳಿನ ದ್ರವವನ್ನು ತಾತ್ಕಾಲಿಕವಾಗಿ ಹೊರಗಿನ ಚೀಲಕ್ಕೆ ಹರಿಸಿ, ಆ್ಯಂಟಿಬಯಾಟಿಕ್ ಕೊಟ್ಟು, ದ್ರವ ಸೋಂಕುಮುಕ್ತವಾದ ಮೇಲಷ್ಟೇ ಹೊಸ ಶಂಟ್ ಹಾಕುತ್ತಾರೆ.

ನಿಮ್ಮ ಮಗನ ವಯಸ್ಸಿನಲ್ಲಿ ಗಮನಿಸಬೇಕಾದ ಇನ್ನೊಂದು ಜಾಗ ವೃಷಣಚೀಲ. ಹೊಟ್ಟೆಯಿಂದ ವೃಷಣಚೀಲಕ್ಕೆ ಭ್ರೂಣಾವಸ್ಥೆಯಲ್ಲಿ ಇರುವ ಹಾದಿ ಕೆಲವು ಶಿಶುಗಳಲ್ಲಿ ಇನ್ನೂ ಮುಚ್ಚಿರುವುದಿಲ್ಲ; ಹೊಟ್ಟೆಯ ಒತ್ತಡ ಹೆಚ್ಚಿದಾಗ ಕೊಳವೆ ಅಲ್ಲಿಗೆ ಜಾರಬಹುದು. ತೊಡೆಸಂದಿಯಲ್ಲೋ ವೃಷಣಚೀಲದಲ್ಲೋ ಹೊಸದಾಗಿ ಊತ ಕಂಡರೆ ಬರೀ ಹರ್ನಿಯಾ ಎಂದು ಸುಮ್ಮನಾಗದೆ, ಶಂಟ್ ಇರುವ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ. ಕೊಳವೆ ಮೂತ್ರಕೋಶಕ್ಕೆ, ಎದೆಗೂಡಿಗೆ, ಕುತ್ತಿಗೆಯ ರಕ್ತನಾಳದ ಮೂಲಕ ಹೃದಯಕ್ಕೂ ಸರಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆಯಾದರೂ ಅವು ತೀರಾ ವಿರಳ.

ಪದೇಪದೇ ವಾಂತಿ, ಅತಿಯಾದ ಮಂಪರು, ಉಬ್ಬಿದ ನೆತ್ತಿ, ಕೊಳವೆಯ ಹಾದಿಯುದ್ದಕ್ಕೂ ಕೆಂಪು ಅಥವಾ ಊತ ಕಂಡರೆ ತಡಮಾಡಬೇಡಿ. ಕೊಳವೆ ಸಾಮಾನ್ಯ ಎಕ್ಸ್-ರೇಯಲ್ಲೇ ಕಾಣುತ್ತದೆ. ಶಸ್ತ್ರಚಿಕಿತ್ಸೆಯ ನಂತರ ತೆಗೆದ ಚಿತ್ರವನ್ನು ಜೋಪಾನವಾಗಿಟ್ಟರೆ, ತುದಿ ಎಲ್ಲಿಂದ ಎಲ್ಲಿಗೆ ಸರಿದಿದೆ ಎಂದು ಹೋಲಿಸಿ ನೋಡುವುದು ವೈದ್ಯರಿಗೆ ಸುಲಭವಾಗುತ್ತದೆ.