ಓದುಗರ ಪ್ರಶ್ನೆ: ಕಾರಿನಲ್ಲಿ ಒಂದು ದಿನ, ಗೋವೆಯ ಮಾಂಡವಿ ಹೊಳೆಯ ದ್ವೀಪಗಳು

ಪ್ರಶ್ನೆ: ಬೆಳಗಾವಿಯಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಬೀಚಿನ ಗದ್ದಲ ಬೇಡವಂತೆ. ಕಾರಿನಲ್ಲೇ ಆರಾಮಾಗಿ ದಿವಾರ್, ಚೋಡಣ ಎರಡೂ ದ್ವೀಪ ನೋಡಿ ಸಂಜೆಗೆ ಮರಳಬಹುದೇ? – ಓದುಗರು, ವಾಸ್ಕೋ

ಉತ್ತರ: ಧಾರಾಳವಾಗಿ. ಆದರೆ ಬಹುತೇಕರು ಓಲ್ಡ್ ಗೋವಾದ ಚರ್ಚುಗಳನ್ನೂ ಅದೇ ದಿನಕ್ಕೆ ತುರುಕುತ್ತಾರೆ. ಅಲ್ಲೇ ಅರ್ಧ ದಿನ ಕಳೆದು, ದ್ವೀಪಕ್ಕೆ ಸುಡುಬಿಸಿಲಲ್ಲಿ ಕಾಲಿಡಬೇಕಾಗುತ್ತದೆ. ಅವನ್ನು ಬೇರೆ ದಿನಕ್ಕೆ ಬಿಡಿ.

ಪಣಜಿಯಿಂದ ರಾಯಬಂದರಿಗೆ ಹೋಗಿ ಬೆಳಿಗ್ಗೆ ಏಳೂವರೆಯೊಳಗೆ ಚೋಡಣದ ಫೆರಿ ಹತ್ತಿ. ರಾಯಬಂದರಿನಿಂದ ದಿವಾರ್‌ಗೂ ಫೆರಿ ಇರುವುದರಿಂದ ಸಾಲಿಗೆ ನಿಲ್ಲುವ ಮೊದಲೇ ಕೇಳಿಕೊಳ್ಳಿ. ಆಚೆ ದಡದಲ್ಲೇ ಸಲೀಂ ಅಲಿ ಪಕ್ಷಿಧಾಮ. ವಿಸ್ತೀರ್ಣ ಎರಡು ಚದರ ಕಿಲೋಮೀಟರಿಗೂ ಕಡಿಮೆ, ಪೂರಾ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಕಾಲುವೆಯೊಳಗೆ ದೋಣಿ ನುಗ್ಗಲು ಉಬ್ಬರದ ನೀರು ಬೇಕು. ಇಳಿತದಲ್ಲಿ ತಳ ಕೆಸರಿಗೆ ತಾಗುತ್ತದೆ. ಕೆಸರಲ್ಲಿ ಹುಳ ಹೆಕ್ಕುವ ಉದ್ದ ಕಾಲಿನ ಹಕ್ಕಿಗಳು ಕಾಣುವುದು ಮಾತ್ರ ಇಳಿತದಲ್ಲೇ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಹಿರಿಯರಿದ್ದರೆ ದೋಣಿಯೇ ವಾಸಿ: ಬೆಳಿಗ್ಗೆ ಎಂಟು-ಒಂಬತ್ತಕ್ಕೆ ಉಬ್ಬರ ಬರುವ ದಿನ ಆರಿಸಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಈ ವಾರದ ಲೆಕ್ಕ ಮುಂದಿನ ವಾರಕ್ಕೆ ನಡೆಯದು. ಹಕ್ಕಿಗಳಿಗೆ ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ.

ಚೋಡಣದಿಂದ ಮಯೆಂ ಕಡೆಗೆ ಸೇತುವೆ ಇದೆ. ಆ ದಾರಿಯಲ್ಲಿ ಡಿಚೋಲಿ ಸೀಮೆಗೆ ಹೋಗಿ ನಾರ್ವೆ ಊರಿನ ಸಪ್ತಕೋಟೀಶ್ವರ ದೇವಸ್ಥಾನ ನೋಡಿ, ಅಲ್ಲಿನ ಫೆರಿಯಲ್ಲಿ ದಿವಾರ್‌ಗೆ ದಾಟಿ. ಸಂಜೆ ಐದೂವರೆಗೆ ಓಲ್ಡ್ ಗೋವಾದ ದಡದಲ್ಲಿ ಇಳಿಯಿರಿ. ಊಟಕ್ಕೆ ದ್ವೀಪವನ್ನು ನೆಚ್ಚಬೇಡಿ, ಡಿಚೋಲಿ ಕಡೆಯೇ ಮುಗಿಸಿ.

ಪ್ರಶ್ನೆ: ಫೆರಿ ಹತ್ತಿಸುವಾಗ ಮುಂದಿನ ಬಂಪರ್ ಕೆರೆಯಿತು. ತಪ್ಪು ಯಾರದು? – ಓದುಗರು, ಫೋಂಡಾ

ಉತ್ತರ: ಇಳಿತದ್ದು. ನೀರು ತಗ್ಗಿದಾಗ ಫೆರಿಯೂ ತಗ್ಗುತ್ತದೆ, ದಡದ ಇಳಿಜಾರು ಉದ್ದವಾಗುತ್ತದೆ. ಅದು ಫೆರಿಯ ಕಬ್ಬಿಣದ ಹಲಗೆಗೆ ಕೂಡುವಲ್ಲಿ ಮೂಲೆ ಮೂಡುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು ಇರುವ ಸೆಡಾನ್ ಆ ಮೂಲೆಗೆ ಮೂಗು ಉಜ್ಜುವುದು ಖಂಡಿತ. ಚಾಲಕರನ್ನು ಬಿಟ್ಟು ಎಲ್ಲರೂ ಇಳಿದು ನಡೆಯಲಿ, ಕಾರು ಎರಡು ಬೆರಳಾದರೂ ಮೇಲೇಳುತ್ತದೆ. ಮೊದಲ ಗೇರು, ಆಕ್ಸಲರೇಟರ್ ಒಂದೇ ಹದ. ಪಾಚಿ ಹಿಡಿದ ಜಾಗದಲ್ಲಿ ತಟ್ಟನೆ ಬ್ರೇಕ್ ಒತ್ತಿದರೆ ಗಾಲಿ ನಿಂತರೂ ಕಾರು ನಿಲ್ಲುವುದಿಲ್ಲ.

ಒಳಗೆ ನಿಂತ ಮೇಲೆ ಇಂಜಿನ್ ಆಫ್, ಹ್ಯಾಂಡ್‌ಬ್ರೇಕ್, ಮ್ಯಾನುಯಲ್ ಆದರೆ ಮೊದಲ ಗೇರು, ಆಟೊಮ್ಯಾಟಿಕ್ ಆದರೆ ಪಾರ್ಕ್. ಕತ್ತಲಾದರೆ ಹೆಡ್‌ಲೈಟ್ ಆರಿಸಿ, ಫೆರಿ ನಡೆಸುವವರ ಕಣ್ಣು ಕುಕ್ಕುತ್ತದೆ. ಕಾರಿನ ಶುಲ್ಕ ಅಲ್ಪ, ಚಿಲ್ಲರೆ ಇಟ್ಟುಕೊಳ್ಳಿ.

ಪ್ರಶ್ನೆ: ದಿವಾರ್‌ನಲ್ಲಿ ಕನ್ನಡಿಗರು ನೋಡಲೇಬೇಕಾದ್ದು ಏನು? – ಓದುಗರು, ಮಡಗಾಂವ್

ಉತ್ತರ: ಗೋವೆಯ ಕದಂಬರ ಕುಲದೈವ ಸಪ್ತಕೋಟೀಶ್ವರನ ಮೂಲ ನೆಲೆ. ‘ಸಪ್ತಕೋಟೀಶ್ವರ ಲಬ್ಧವರಪ್ರಸಾದ’ ಎಂಬುದು ಅವರ ಬಿರುದು. ನಮ್ಮ ಖಾನಾಪುರದ ಹಲಸಿ ಅವರ ಇನ್ನೊಂದು ರಾಜಧಾನಿ. ಮೂಲ ಗುಡಿ ದಿವಾರ್‌ನಲ್ಲೇ ಇತ್ತು. ಬಹಮನಿಯರ ದಾಳಿಗೆ ಸಿಕ್ಕ ಅದನ್ನು ವಿಜಯನಗರದ ಮಾಧವ ಮಂತ್ರಿ ಮತ್ತೆ ಕಟ್ಟಿಸಿದ. 16ನೇ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದಾಗ ದೇವರು ಹೊಳೆ ದಾಟಿ ನಾರ್ವೆಗೆ ಬಂತು. ಅಲ್ಲಿನ ಗುಡಿಯನ್ನು 1668ರಲ್ಲಿ ಜೀರ್ಣೋದ್ಧಾರ ಮಾಡಿಸಿದ್ದು ಶಿವಾಜಿ. ಹಾಗಾಗಿ ಫೆರಿಯಲ್ಲಿ ನಾರ್ವೆಯಿಂದ ದಿವಾರ್‌ಗೆ ಬರುವುದೆಂದರೆ ದೇವರು ಹೋದ ದಾರಿಯಲ್ಲಿ ಹಿಂದಕ್ಕೆ ಬಂದಂತೆ.

ಪಿಯೆದಾದ್ ಗುಡ್ಡದ ಚರ್ಚಿನ ಅಂಗಳದಿಂದ ಕೆಳಗಿನ ಗದ್ದೆ ಬಯಲು ಕಾಣುತ್ತದೆ. ಇಲ್ಲಿ ಖಜಾನ ಎನ್ನುವುದು ನಮ್ಮ ಅಘನಾಶಿನಿಯ ಗಜನಿಯೇ: ಕಟ್ಟೆ, ತೂಬು, ಉಪ್ಪುನೀರು ತಾಳುವ ಭತ್ತ. ಭತ್ತದ ತಳಿ ಅಲ್ಲಿ ಕಗ್ಗ, ಇಲ್ಲಿ ಕೊರ್ಗುಟ್. ಗದ್ದೆ ನಡುವಿನ ರಸ್ತೆ ಇಕ್ಕಟ್ಟು, ಅಂಚು ಮೆತ್ತಗೆ. ಎದುರಿಗೆ ವಾಹನ ಬಂದರೆ ಅಂಚಿಗೆ ಇಳಿಸಬೇಡಿ, ಅಗಲ ಜಾಗಕ್ಕೆ ಹಿಂದೆ ಸರಿಯಿರಿ. ಆಗಸ್ಟಿನ ನಾಲ್ಕನೇ ಶನಿವಾರ ಪಿಯೆದಾದ್‌ನಲ್ಲಿ ಬೊಂದೆರಾ ಹಬ್ಬ. ಅಂದು ಕಾರು ಓಲ್ಡ್ ಗೋವಾದಲ್ಲೇ ಇರಲಿ.

ಪ್ರಶ್ನೆ: ಬಾಡಿಗೆ ಕಾರು ತೆಗೆದುಕೊಳ್ಳುವಾಗ ಏನು ನೋಡಬೇಕು? – ಓದುಗರು, ಪುಣೆ

ಉತ್ತರ: ಕಪ್ಪು ನಂಬರ್ ಫಲಕದ ಮೇಲೆ ಹಳದಿ ಅಕ್ಷರ. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಕೊಡುವುದು ಕಾನೂನುಬಾಹಿರ, ಪೊಲೀಸರು ತಡೆದರೆ ದಿನ ಹಾಳು. ಮುಂದಿನ ಬಂಪರಿನ ಕೆಳಭಾಗದ ಫೋಟೊವನ್ನು ಕೀಲಿ ಪಡೆಯುವ ಮೊದಲೇ ತೆಗೆದಿಡಿ.