ಶಿಫ್ಟ್ ಮಾಡಿದ್ರೂ ಗೋಪುರ ಹಿಂದಕ್ಕೆ ವಾಲ್ತದೆ, ಏನ್ ಮಾಡ್ಲಿ?

ಪ್ರಶ್ನೆ: ಸರ್, ಕ್ಯಾನನ್ 24 ಎಂಎಂ ಟಿಲ್ಟ್-ಶಿಫ್ಟ್ ಲೆನ್ಸ್ (ಓರೆ ಮಾಡೋದು ಟಿಲ್ಟ್, ಮೇಲೆ-ಕೆಳಗೆ ಸರಿಸೋದು ಶಿಫ್ಟ್), ಎರಡನೇ ಮಾಡೆಲ್ಲು, ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ, ಬಾಡಿ ಫುಲ್ ಫ್ರೇಮ್. ಮುರ್ಡೇಶ್ವರದ ರಾಜಗೋಪುರ ತೆಗೆದ್ರೆ ಪೂರ್ತಿ ಶಿಫ್ಟ್ ಮಾಡಿದ್ರೂ ಹಿಂದಕ್ಕೆ ವಾಲಿದ ಹಾಗೇ ಬರ್ತದೆ. ಶಿರಸಿ ಹತ್ರ ಅಜ್ಜನಮನೆ ಅಂಗಳದಲ್ಲಿ ಒಣಗಿಸಿದ ಅಡಿಕೆಗೆ 8.5 ಡಿಗ್ರಿ ಟಿಲ್ಟ್ ಕೊಟ್ಟೆ, ಒಂದು ಪಟ್ಟಿ ಬಿಟ್ರೆ ಎಲ್ಲಾ ಬ್ಲರ್. ಲೆನ್ಸ್ ಹಾಳಾಗಿದ್ಯಾ?
– ಓದುಗರೊಬ್ಬರು, ಕುಮಟಾ

ಉತ್ತರ: ಲೆನ್ಸ್ ಹಾಳಾಗಿಲ್ಲ ಮಾರಾಯ್ರೆ, ಮಾರೋ ಯೋಚನೆ ಬಿಡಿ. ಗೋಪುರ ತೆಗೀವಾಗ ಅಭ್ಯಾಸಬಲಕ್ಕೆ ಕ್ಯಾಮೆರಾನೇ ಸ್ವಲ್ಪ ಮೇಲೆ ಎತ್ತಿರ್ತೀರಿ. ಎತ್ತಿದ್ರೆ ಗೆರೆಗಳು ವಾಲೋದೇ, ಆಮೇಲೆ ಎಷ್ಟು ಶಿಫ್ಟ್ ಮಾಡಿದ್ರೂ ಸರಿಹೋಗಲ್ಲ. ಟ್ರೈಪಾಡ್ ಮೇಲೆ ಕೂರ್ಸಿ, ಲೆವೆಲ್ ನೋಡಿ ನೆಟ್ಟಗೆ ನಿಲ್ಸಿ, ತುದಿ ಕಟ್ ಆಗಿ ಕೆಳಗೆ ಬರೀ ನೆಲ ಕಾಣ್ತದೆ, ಕಾಣ್ಲಿ, ಆಮೇಲೆ ಶಿಫ್ಟ್ ಮಾಡಿ. ಎಷ್ಟು ದೂರ ನಿಂತಿದ್ರಿ ಅನ್ನೋದೂ ಮುಖ್ಯ. ಗೋಪುರ ಸುಮಾರು 237 ಅಡಿ, ಅಂದ್ರೆ 72 ಮೀಟರ್. ಕ್ಯಾಮೆರಾ ಉದ್ದುದ್ದ ಹಿಡಿದು ಶಿಫ್ಟ್ ಇಲ್ದೆ ತುದಿ ಸಿಗ್ಬೇಕಂದ್ರೆ 95 ಮೀಟರ್ ಹಿಂದೆ ಹೋಗ್ಬೇಕು, 12 ಎಂಎಂ ಶಿಫ್ಟ್ ಕೊಟ್ರೆ 57 ಸಾಕು. ಅದಕ್ಕಿಂತ ಹತ್ರ ನಿಂತ್ರೆ ಕ್ಯಾಮೆರಾ ಎತ್ತದೇ ಗತಿಯಿಲ್ಲ, ನಿಮಗೂ ಅದೇ ಆಗಿರ್ಬೇಕು. ಡಿಎಸ್‌ಎಲ್‌ಆರ್ ಆದ್ರೆ ಎಕ್ಸ್‌ಪೋಶರನ್ನ ಶಿಫ್ಟ್ ಮಾಡೋ ಮೊದ್ಲೇ ಮ್ಯಾನ್ಯುಯಲ್ಲಲ್ಲಿ ಫಿಕ್ಸ್ ಮಾಡ್ಕೊಳ್ಳಿ, ಆಮೇಲೆ ಬೆಳಕು ಅಳೆಯೋ ಮೀಟರ್ ತಪ್ಪು ತೋರಿಸ್ತದೆ.

ಇನ್ನು ಅಡಿಕೆ, ನಂಗೆ ತುಂಬಾ ಇಷ್ಟದ ವಿಷಯ ಇದು. ಟಿಲ್ಟ್ ಅಂದ್ರೆ ಊರನ್ನ ಆಟಿಕೆ ತರ ತೋರ್ಸೋ ಬ್ಲರ್ ಅಂತಲೇ ಸುಮಾರು ಜನ ತಿಳ್ಕೊಂಡಿದಾರೆ, ಆದ್ರೆ ಅದರ ದೊಡ್ಡ ಉಪಯೋಗ ನೇರ ಉಲ್ಟಾ, ಎದುರಿಗೆ ನಿಂತಿರೋ ಫೋಕಸ್ ಪಾತಳಿಯನ್ನ, ಅಂದ್ರೆ ಎಲ್ಲಾ ಚೂಪಾಗಿ ಬರೋ ಸಮತಲವನ್ನ, ಚಾಪೆ ಹಾಗೆ ಅಂಗಳದ ಮೇಲೆ ಮಲಗಿಸೋದು. ಆಸ್ಟ್ರಿಯಾದ ಥಿಯೋಡರ್ ಶೈಂಪ್‌ಫ್ಲೂಗ್ 1904ರ ಪೇಟೆಂಟಲ್ಲಿ ಬರೆದ ತತ್ವ ಇದರ ಹಿಂದಿದೆ. ಇದಕ್ಕೆ ಬೇಕಾಗೋ ಟಿಲ್ಟ್ ಬಹಳ ಕಮ್ಮಿ. ಲೆನ್ಸ್ ನೆಲದಿಂದ ಒಂದೂವರೆ ಮೀಟರ್ ಎತ್ತರ ಇದ್ರೆ 24 ಎಂಎಂಗೆ ಹತ್ರಹತ್ರ 1 ಡಿಗ್ರಿ ಅಷ್ಟೇ, 60 ಸೆಂಟಿಮೀಟರಿಗೆ ಇಳಿಸಿದ್ರೆ 2.3. ನೀವು 8.5 ಕೊಟ್ಟಾಗ ಆ ಪಾತಳಿ ಲೆನ್ಸಿನ ಬರೀ 16 ಸೆಂಟಿಮೀಟರ್ ಕೆಳಗಿಂದ ಹಾದು ಅಂಗಳವನ್ನ ಓರೆಯಾಗಿ ಕತ್ತರಿಸಿದೆ, ನಿಮಗೆ ಸಿಕ್ಕಿದ ಪಟ್ಟಿ ಅದೇ.

ಅಪರ್ಚರ್ ಎಫ್ 8 ಇಡಿ, 1 ಡಿಗ್ರಿ ಕೆಳಮುಖ ಟಿಲ್ಟ್ ಕೊಟ್ಟು ಹಿಂದಿನ ಸ್ಕ್ರೀನಲ್ಲಿ ಲೈವ್ ವ್ಯೂ 10 ಪಟ್ಟು ದೊಡ್ಡ ಮಾಡಿ, ಆಚೆ ತುದಿಯ ಅಡಿಕೆಗೆ ರಿಂಗ್ ತಿರುಗಿಸಿ ಫೋಕಸ್ ಮಾಡಿ, ಕಾಲ ಬುಡದ ಅಡಿಕೆ ಮಸುಕಾಗಿದ್ರೆ ಟಿಲ್ಟ್ ಗುಂಡಿ ಚೂರೇ ಚೂರು ತಿರುಗಿಸಿ, ಮತ್ತೆ ಆಚೆ ನೋಡಿ, ಹೀಗೆ ಎರಡು ಮೂರು ಸಲ. ಒಂದು ಗಳಿಗೆಗೆ ಈಚೆ ಅಡಿಕೆಯ ಸಿಪ್ಪೆ ನಾರಿಂದ ಹಿಡಿದು ಆಚೆ ಅಂಚಿನವರೆಗೂ ಒಟ್ಟಿಗೆ ಚೂಪಾಗಿ ಬರ್ತದೆ, ಅದನ್ನ ಮೊದಲ ಸಲ ನೋಡಿದ ಖುಷಿ ನಂಗಿನ್ನೂ ನೆನಪಿದೆ. ಆದ್ರೆ ಹತ್ರದಲ್ಲಿ ಎತ್ತರದ ಬುಟ್ಟಿ ಏನಾದ್ರೂ ಇದ್ರೆ ಅದರ ಬಾಯಿ ಬ್ಲರ್ ಆಗ್ತದೆ, ಪಾತಳಿ ನೆಲದಲ್ಲಿದೆಯಲ್ಲ, ಕ್ಯಾಮೆರಾ ಹತ್ರ ಚೂಪಾಗಿ ಬರೋ ಜಾಗ ತೆಳು. ಬುಟ್ಟಿಯನ್ನ ಅಂಗಳದ ಆಚೆ ತುದಿಗೆ ಇಡಿ.